ಜಂತುನಾಶಕ ಫಲಿಸಿದೆಯೇ? ಕುದುರೆಯ ಲದ್ದಿಯಿಂದ ತಿಳಿಯುವ ಬಗೆ

ಕುದುರೆಗೆ ಜಂತುಹುಳುವಿನ ಔಷಧ ಕೊಟ್ಟ ಮೇಲೆ ಅದು ಫಲಿಸಿತೋ ಇಲ್ಲವೋ ಎಂದು ಪರೀಕ್ಷಿಸಿ ನೋಡುವ ರೂಢಿ ನಮ್ಮ ಲಾಯಗಳಲ್ಲಿ ಬಹಳ ಕಡಿಮೆ. ಪೇಸ್ಟಿನ ಸಿರಿಂಜು ಖಾಲಿಯಾಯಿತು, ಪುಸ್ತಕದಲ್ಲಿ ತಾರೀಖು ಬರೆದಾಯಿತು ಎಂದರೆ ಕೆಲಸ ಮುಗಿಯಿತೆಂದೇ ಭಾವಿಸುತ್ತೇವೆ. ಮರುದಿನ ಲದ್ದಿಯಲ್ಲಿ ನಾಲ್ಕು ಸತ್ತ ಹುಳು ಕಂಡರಂತೂ ಔಷಧ ಚೆನ್ನಾಗಿ ಹಿಡಿಯಿತೆಂದು ಸಮಾಧಾನಪಡುತ್ತೇವೆ. ಆದರೆ ಸತ್ತು ಹೊರಬಿದ್ದ ಹುಳು ಒಳಗೆ ಬದುಕಿ ಉಳಿದವುಗಳ ಲೆಕ್ಕ ಹೇಳುವುದಿಲ್ಲ. ಕುದುರೆಯ ಮೈಹೊಳಪೂ ಹೇಳುವುದಿಲ್ಲ. ಜೀವಂತ ಕುದುರೆಯಲ್ಲಿ ಆ ಲೆಕ್ಕ ತಿಳಿಯಲು ನಮಗಿರುವ ನಂಬಬಹುದಾದ ದಾರಿಯೆಂದರೆ ಔಷಧಕ್ಕೆ ಮೊದಲು ಒಮ್ಮೆ, ಹದಿನಾಲ್ಕು ದಿನಗಳ ನಂತರ ಇನ್ನೊಮ್ಮೆ ಲದ್ದಿಯಲ್ಲಿರುವ ಹುಳುಮೊಟ್ಟೆಗಳನ್ನು ಎಣಿಸಿ, ಎಣಿಕೆ ಶೇಕಡಾ ಎಷ್ಟು ಇಳಿಯಿತೆಂದು ನೋಡುವುದು. ಇದನ್ನು ಮೊಟ್ಟೆ ಎಣಿಕೆ ಇಳಿಕೆ ಪರೀಕ್ಷೆ ಎನ್ನಬಹುದು. ಒಂದು ಸಾಧಾರಣ ಸೂಕ್ಷ್ಮದರ್ಶಕ, ಒಂದು ಮೆಕ್‌ಮಾಸ್ಟರ್ ಸ್ಲೈಡು (ಮೊಟ್ಟೆ ಎಣಿಸಲೆಂದು ಗೆರೆ ಕೊರೆದ ಎರಡು ಕೋಣೆಗಳಿರುವ ಗಾಜು), ಅಡುಗೆ ಉಪ್ಪು ಮತ್ತು ತಾಳ್ಮೆ ಇದ್ದರೆ ಇದನ್ನು ಪಶುವೈದ್ಯರ ಮಾರ್ಗದರ್ಶನದಲ್ಲಿ ಲಾಯದ ಪಕ್ಕದ ಕೋಣೆಯಲ್ಲೇ ಮಾಡಬಹುದು.

ಇದರ ಅಗತ್ಯ ಏಕೆ ಬಂತೆಂಬುದನ್ನು ಮೊದಲು ಹೇಳಬೇಕು. 1966ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಡ್ರಡ್ಜ್ ಮತ್ತು ಲಯನ್ಸ್ ಎಂಬ ವಿಜ್ಞಾನಿಗಳು ಎಲ್ಲ ಕುದುರೆಗಳಿಗೂ ಎರಡು ತಿಂಗಳಿಗೊಮ್ಮೆ ಜಂತುನಾಶಕ ಕೊಡುವ ಕ್ರಮವನ್ನು ಸೂಚಿಸಿದರು. ಅವರ ಗುರಿ ಸ್ಟ್ರಾಂಗೈಲಸ್ ವಲ್ಗ್ಯಾರಿಸ್ ಎಂಬ ದೊಡ್ಡ ಹುಳು. ಅದರ ಮರಿಹುಳುಗಳು ಕರುಳಿಗೆ ರಕ್ತ ಒಯ್ಯುವ ಅಪಧಮನಿಯೊಳಗೆ ಸೇರಿ, ಅಲ್ಲಿ ರಕ್ತ ಹೆಪ್ಪುಗಟ್ಟಿಸಿ, ಪ್ರಾಣಾಂತಿಕವಾದ ಹೊಟ್ಟೆನೋವು ತರುತ್ತಿದ್ದವು. ಆ ಕ್ರಮದಿಂದ ದೊಡ್ಡ ಹುಳು ಚೆನ್ನಾಗಿ ನಿರ್ವಹಿಸಲ್ಪಟ್ಟ ಲಾಯಗಳಿಂದ ಬಹುಮಟ್ಟಿಗೆ ಮರೆಯಾಯಿತು. ಆದರೆ ಅದೇ ಎರಡು ತಿಂಗಳ ಪದ್ಧತಿ ದಶಕಗಳ ಕಾಲ ಕಣ್ಣುಮುಚ್ಚಿ ಮುಂದುವರಿದದ್ದರಿಂದ, ಸಣ್ಣ ಸ್ಟ್ರಾಂಗೈಲ್ ಎಂದು ಕರೆಯುವ, ಸುಮಾರು ಐವತ್ತು ಜಾತಿಗಳಿರುವ ಇನ್ನೊಂದು ಗುಂಪಿನಲ್ಲಿ ಔಷಧಕ್ಕೆ ಬಗ್ಗದ ಹುಳುಗಳೇ ಆಯ್ಕೆಯಾಗಿ ಬೆಳೆದವು. ಇಂದು ಫೆನ್‌ಬೆಂಡಜೋಲ್ ಸೇರಿರುವ ಬೆಂಜಿಮಿಡಜೋಲ್ ವರ್ಗಕ್ಕೆ ಸಣ್ಣ ಸ್ಟ್ರಾಂಗೈಲ್‌ಗಳ ಪ್ರತಿರೋಧ ಜಗತ್ತಿನಾದ್ಯಂತ ಸಾಮಾನ್ಯವಾಗಿದೆ. ಪೈರಾಂಟೆಲ್ ಎಂಬ ಬೇರೆ ವರ್ಗದ ಔಷಧಕ್ಕೂ ಹಲವು ಕಡೆ ಇದೆ. ಉಳಿದಿರುವ ಮುಖ್ಯ ಆಸರೆ ಐವರ್ಮೆಕ್ಟಿನ್ ಮತ್ತು ಮಾಕ್ಸಿಡೆಕ್ಟಿನ್ ಇರುವ ಒಂದೇ ವರ್ಗ. ಐರ್ಲೆಂಡಿನಿಂದ ಅಮೆರಿಕಕ್ಕೆ ತರಿಸಿದ ಥರೋಬ್ರೆಡ್ ಮರಿಗಳಲ್ಲಿ ಈ ವರ್ಗಕ್ಕೂ ಬಗ್ಗದ ಸಣ್ಣ ಸ್ಟ್ರಾಂಗೈಲ್‌ಗಳು ಕಂಡುಬಂದ ವರದಿ 2020ರಲ್ಲಿ ಪ್ರಕಟವಾಯಿತು. ಕುದುರೆಗಳಿಗೆ ಹೊಸ ವರ್ಗದ ಔಷಧ ಬಂದು ದಶಕಗಳೇ ಕಳೆದಿವೆ. ಆದ್ದರಿಂದ ಕೈಯಲ್ಲಿರುವ ಔಷಧ ನಮ್ಮ ಲಾಯದಲ್ಲಿ ಇನ್ನೂ ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆಗೆ ನಮ್ಮದೇ ಲಾಯದ ಲದ್ದಿಯಿಂದ ಉತ್ತರ ಪಡೆಯಬೇಕು. ಪಕ್ಕದ ಲಾಯದ ಉತ್ತರ ನಮಗೆ ಅನ್ವಯಿಸುವುದಿಲ್ಲ.

ಯಾವ ಕುದುರೆಗಳು, ಎಷ್ಟು, ಯಾವಾಗ

ಈ ಪರೀಕ್ಷೆ ಅಳೆಯುವುದು ಒಂದು ಲಾಯದ ಹುಳುಗಳ ಮೇಲೆ ಒಂದು ಔಷಧದ ಬಲವನ್ನು. ಒಂದೇ ಕುದುರೆಯ ಅಂಕಿಯಿಂದ ತೀರ್ಮಾನಕ್ಕೆ ಬರುವುದು ಅಪಾಯಕರ. ಕನಿಷ್ಠ ಆರು ಕುದುರೆಗಳಾದರೂ ಇರಲಿ. ಹೆಚ್ಚು ಇದ್ದಷ್ಟೂ ಒಳ್ಳೆಯದು. ಸಣ್ಣ ಲಾಯವಾದರೆ ಇರುವ ಎಲ್ಲವನ್ನೂ ಸೇರಿಸಿಕೊಳ್ಳಬೇಕು. ಸಾಮಾನ್ಯವಾಗಿ ಒಂದು ಹಿಂಡಿನ ಮೊಟ್ಟೆಗಳಲ್ಲಿ ಶೇ. 80ರಷ್ಟನ್ನು ಶೇ. 20ರಷ್ಟು ಕುದುರೆಗಳೇ ಹಾಕುತ್ತವೆ. ಹಾಗಾಗಿ ಮೊದಲು ಎಲ್ಲವನ್ನೂ ಒಮ್ಮೆ ಎಣಿಸಿ ನೋಡಿ, ಗ್ರಾಂ ಲದ್ದಿಗೆ 200ಕ್ಕಿಂತ ಹೆಚ್ಚು ಮೊಟ್ಟೆ ಇರುವವುಗಳನ್ನು ಪರೀಕ್ಷೆಗೆ ಆರಿಸಿಕೊಳ್ಳುವುದು ಜಾಣತನ. ಒಂದರಿಂದ ಮೂರು ವರ್ಷದ ಎಳೆಯ ಕುದುರೆಗಳಲ್ಲಿ ಎಣಿಕೆ ಹೆಚ್ಚಿರುವುದರಿಂದ ಅವು ಈ ಕೆಲಸಕ್ಕೆ ಬಹಳ ಅನುಕೂಲ. ಸೊನ್ನೆ ಇರುವ ಕುದುರೆಯಲ್ಲಿ ಇಳಿಯಲು ಏನೂ ಇಲ್ಲ; ಅದರಿಂದ ಔಷಧದ ಬಗ್ಗೆ ಏನನ್ನೂ ಕಲಿಯಲಾಗದು.

ಹಿಂದಿನ ಔಷಧದ ಪ್ರಭಾವ ಪೂರ್ತಿ ಇಳಿದಿರಬೇಕು. ಕನಿಷ್ಠ ಎಂಟು ವಾರ, ಹಿಂದೆ ಕೊಟ್ಟದ್ದು ಮಾಕ್ಸಿಡೆಕ್ಟಿನ್ ಆಗಿದ್ದರೆ ಹನ್ನೆರಡು ವಾರಕ್ಕೂ ಹೆಚ್ಚು ಅಂತರ ಇರಲಿ. ಕರ್ನಾಟಕದ ಹವೆಯಲ್ಲಿ ಮಳೆಗಾಲ ಮತ್ತು ಅದರ ಬೆನ್ನಿನ ತಿಂಗಳುಗಳು ಈ ಪರೀಕ್ಷೆಗೆ ಹೊಂದುತ್ತವೆ. ತೇವ ಮತ್ತು ಬೆಚ್ಚನೆಯ ಹುಲ್ಲಿನಲ್ಲಿ ಮೊಟ್ಟೆ ಒಡೆದು ಸುಮಾರು ಒಂದು ವಾರದಲ್ಲಿ ಸೋಂಕು ತಗುಲಿಸಬಲ್ಲ ಮರಿಹುಳು ತಯಾರಾಗುತ್ತದೆ. ಬಿರುಬೇಸಿಗೆಯ ಒಣ ಬಯಲಿನಲ್ಲಿ ಅದು ಬೇಗ ಸಾಯುತ್ತದೆ. ವರ್ಷವಿಡೀ ಕಟ್ಟಿಹಾಕಿ ಒಣಹುಲ್ಲು, ಹುರುಳಿ, ಬೂಸಾ ಹಾಕಿ ಸಾಕುವ ಟಾಂಗಾ ಕುದುರೆಗಳಿಗಿಂತ, ಹುಲ್ಲುಗಾವಲಿನಲ್ಲಿ ಗುಂಪಾಗಿ ಮೇಯುವ ಸಂತಾನೋತ್ಪತ್ತಿ ಕೇಂದ್ರಗಳ ತಾಯಿಕುದುರೆ ಮತ್ತು ಮರಿಗಳಲ್ಲಿ ಈ ಹುಳುಗಳ ಹೊರೆ ಹೆಚ್ಚು. ಪರೀಕ್ಷೆಯ ಅಗತ್ಯವೂ ಅಲ್ಲಿಯೇ ಹೆಚ್ಚು.

ಮೊದಲ ಲದ್ದಿ

ಔಷಧ ಕೊಡುವ ದಿನವೇ, ಕೊಡುವುದಕ್ಕೆ ಮುಂಚೆ, ಲದ್ದಿ ಸಂಗ್ರಹಿಸುವುದು ಅತ್ಯುತ್ತಮ. ಕುದುರೆ ಹಾಕುವುದನ್ನು ಕಣ್ಣಾರೆ ಕಂಡು, ನೆಲಕ್ಕೆ ತಾಗದ ಮೇಲ್ಭಾಗದಿಂದ, ಮೂರು ನಾಲ್ಕು ಬೇರೆ ಬೇರೆ ಉಂಡೆಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಒಟ್ಟು ಐವತ್ತು ಗ್ರಾಂನಷ್ಟು ಕೂಡಿಸಬೇಕು. ಒಂದೇ ರಾಶಿಯೊಳಗೂ ಮೊಟ್ಟೆಗಳು ಸಮನಾಗಿ ಹರಡಿರುವುದಿಲ್ಲ. ಅದಕ್ಕಾಗಿಯೇ ಹಲವು ಉಂಡೆಗಳಿಂದ ತೆಗೆಯುವುದು. ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿಯನ್ನೆಲ್ಲ ಒತ್ತಿ ಹೊರತಳ್ಳಿ ಮುಚ್ಚಿ, ಕುದುರೆಯ ಹೆಸರು, ತಾರೀಖು, ಗಂಟೆ ಬರೆಯಬೇಕು. ಎರಡು ಕುದುರೆಗಳು ಒಂದೇ ಕೊಟ್ಟಿಗೆಯಲ್ಲಿದ್ದರೆ ಬೆಳಿಗ್ಗೆ ಕಂಡ ರಾಶಿ ಯಾವುದರದ್ದೆಂದು ಊಹಿಸಿ ಬರೆಯುವುದು ಬೇಡ.

ನಮ್ಮ ಕಡೆ ಪರೀಕ್ಷೆ ಕೆಡುವುದು ಬಹುತೇಕ ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಅರ್ಧ ದಿನ ಉಳಿದ ಚೀಲದಲ್ಲಿ ಮೊಟ್ಟೆಗಳು ಬೆಳೆಯತೊಡಗುತ್ತವೆ, ಒಂದು ದಿನದೊಳಗೆ ಒಡೆದು ಮರಿಯಾಗುತ್ತವೆ, ಮತ್ತು ಒಡೆದ ಮೊಟ್ಟೆಯನ್ನು ಯಾರೂ ಎಣಿಸಲಾರರು. ಎರಡನೆಯ ಸಲದ ಲದ್ದಿ ಹೀಗೆ ಕೆಟ್ಟರೆ ಸತ್ತುಹೋದ ಔಷಧವೂ ಉತ್ತಮ ಔಷಧವಾಗಿ ಕಾಣುತ್ತದೆ. ಮೊದಲ ಸಲದ್ದು ಕೆಟ್ಟರೆ ಒಳ್ಳೆಯ ಔಷಧದ ಮೇಲೆ ಇಲ್ಲದ ಅಪವಾದ ಬರುತ್ತದೆ. ತೆಗೆದ ಕೂಡಲೇ ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿಡಬೇಕು, ನಂತರ ಫ್ರಿಜ್ಜಿನ ಸಾಮಾನ್ಯ ಭಾಗದಲ್ಲಿ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಟ್ಟು, ಸಾಧ್ಯವಾದರೆ ಒಂದು ದಿನದೊಳಗೆ, ತಪ್ಪಿದರೆ ಎರಡು ಮೂರು ದಿನಗಳಲ್ಲಿ ಎಣಿಸಿ ಮುಗಿಸಬೇಕು. ಫ್ರೀಜರಿನಲ್ಲಿ ಇಡಬಾರದು; ಹೆಪ್ಪುಗಟ್ಟಿದರೆ ಮೊಟ್ಟೆಗಳು ಹಾಳಾಗುತ್ತವೆ.

ತೂಕ ಮತ್ತು ಔಷಧ

ಔಷಧ ಸೋತಿತೆಂದು ಹೇಳುವ ಮೊದಲು ಅದನ್ನು ಪೂರ್ತಿ ಕೊಟ್ಟಿದ್ದೆವೆಂಬ ಖಾತ್ರಿ ಬೇಕು. ಕಣ್ಣಂದಾಜಿನಲ್ಲಿ ಕುದುರೆಯ ತೂಕ ಕಡಿಮೆ ಹೇಳುವವರೇ ಹೆಚ್ಚು. ತೂಕದ ಯಂತ್ರ ಇಲ್ಲದಿದ್ದರೆ ಟೇಪಿನಿಂದ ಅಳೆಯಿರಿ. ಮುಂಗಾಲುಗಳ ಹಿಂದೆ, ಜೀನಿನ ಪಟ್ಟಿ ಕಟ್ಟುವ ಜಾಗದಲ್ಲಿ ಎದೆಯ ಸುತ್ತಳತೆ, ಹಾಗೂ ಭುಜದ ಮೂಳೆಯ ತುದಿಯಿಂದ ಪೃಷ್ಠದ ಮೂಳೆಯ ತುದಿಯವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋಗ್ರಾಂ ತೂಕ ಸಿಗುತ್ತದೆ. ಸುತ್ತಳತೆ 170, ಉದ್ದ 145 ಆದರೆ ತೂಕ ಸುಮಾರು 353 ಕಿಲೋ. ಈ ಸೂತ್ರ ಬೆಳೆದ ಕುದುರೆಗಳಿಗೆ ಮಾತ್ರ. ಮರಿಗಳಿಗೂ ಕತ್ತೆಗಳಿಗೂ ಲೆಕ್ಕ ಬೇರೆ.

ಐವರ್ಮೆಕ್ಟಿನ್ ಪ್ರಮಾಣ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ, ಅಂದರೆ 400 ಕಿಲೋ ಕುದುರೆಗೆ 80 ಮಿಲಿಗ್ರಾಂ. ಮಿಕ್ಕ ಔಷಧಗಳಿಗೆ ಲೇಬಲ್ಲಿನ ಪ್ರಮಾಣವನ್ನೂ ವೈದ್ಯರ ಸಲಹೆಯನ್ನೂ ಅನುಸರಿಸಬೇಕು. ಸಿರಿಂಜಿನ ಗುರುತು ಎರಡು ತೂಕಗಳ ನಡುವೆ ಬಂದರೆ ಮೇಲಿನದನ್ನು ಹಿಡಿಯುವುದು ಸರಿ. ಬಾಯಲ್ಲಿ ಮೇವು ಇದ್ದರೆ ಪೇಸ್ಟು ಮೇವಿನ ಜೊತೆ ಹೊರಗೆ ಬೀಳುತ್ತದೆ. ಆದ್ದರಿಂದ ಬಾಯಿ ಖಾಲಿಯಿರುವುದನ್ನು ನೋಡಿ, ನಾಲಿಗೆಯ ಬುಡದ ಮೇಲೆ ಒತ್ತಿ, ನುಂಗುವವರೆಗೆ ತಲೆಯನ್ನು ಸ್ವಲ್ಪ ಎತ್ತಿ ಹಿಡಿಯಬೇಕು. ಉಗುಳಿದರೆ ಮುಚ್ಚಿಡದೆ ಬರೆಯಬೇಕೆಂದು ಸಯೀಸನಿಗೆ ಸಮಾಧಾನವಾಗಿ ಹೇಳಿರಬೇಕು. ಬೈಗುಳಕ್ಕೆ ಹೆದರಿ ಆತ ಹೇಳದೆ ಉಳಿದರೆ ಇಡೀ ಪರೀಕ್ಷೆ ವ್ಯರ್ಥವಾಗುತ್ತದೆ. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಾರೀಖು ಪುಸ್ತಕದಲ್ಲಿರಲಿ. ದನಗಳಿಗಾಗಿ ತಯಾರಿಸಿದ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಕುದುರೆಗೆ ಚುಚ್ಚಬಾರದು. ಚುಚ್ಚಿದ ಜಾಗದಲ್ಲಿ ಮಾರಕ ಸೋಂಕು ಉಂಟಾದ ಉದಾಹರಣೆಗಳಿವೆ. ಮಾಕ್ಸಿಡೆಕ್ಟಿನ್ ಅನ್ನು ಆರು ತಿಂಗಳೊಳಗಿನ ಮರಿಗಳಿಗೂ ತೀರ ಬಡಕಲಾದ ಕುದುರೆಗಳಿಗೂ ಕೊಡಬಾರದು.

ಎಣಿಸುವ ವಿಧಾನ

ಒಂದು ಲೀಟರ್ ಬಿಸಿನೀರಿಗೆ ಸುಮಾರು 400 ಗ್ರಾಂ ಉಪ್ಪು ಹಾಕಿ ಕದಡಿ, ತಳದಲ್ಲಿ ಕರಗದ ಉಪ್ಪು ಸ್ವಲ್ಪ ಉಳಿಯುವಂತೆ ಮಾಡಿ ತಣಿಸಿದರೆ ತೇಲಿಸುವ ದ್ರಾವಣ ಸಿದ್ಧ. ಇದರ ಸಾಪೇಕ್ಷ ಸಾಂದ್ರತೆ ಸುಮಾರು 1.20, ಸ್ಟ್ರಾಂಗೈಲ್ ಮೊಟ್ಟೆಗಳು ಇದರಲ್ಲಿ ಮೇಲಕ್ಕೆ ತೇಲುತ್ತವೆ. ಚೀಲದ ಲದ್ದಿಯನ್ನು ಹೊರಗಿನಿಂದಲೇ ಚೆನ್ನಾಗಿ ಹಿಸುಕಿ ಹದ ಮಾಡಿ, ಆಭರಣ ತೂಗುವಂತಹ ಸಣ್ಣ ತಕ್ಕಡಿಯಲ್ಲಿ 4 ಗ್ರಾಂ ತೂಗಿ, 26 ಮಿಲಿಲೀಟರ್ ದ್ರಾವಣ ಸೇರಿಸಬೇಕು. ಗಂಟಿಲ್ಲದಂತೆ ಕಲಕಿ, ಚಹಾ ಸೋಸುವ ಜಾಲರಿಯಿಂದ ಸೋಸಿ, ಸೋಸಿದ ದ್ರವವನ್ನು ಕಲಕುತ್ತಿರುವಾಗಲೇ ಡ್ರಾಪರಿನಿಂದ ಎಳೆದು ಸ್ಲೈಡಿನ ಎರಡೂ ಕೋಣೆಗಳನ್ನು ತುಂಬಿಸಬೇಕು. ಕಲಕುವುದನ್ನು ನಿಲ್ಲಿಸಿ ಎಳೆದರೆ ಮೊಟ್ಟೆಗಳು ಆಗಲೇ ಮೇಲೇರಿಬಿಟ್ಟು ಎಣಿಕೆ ತಪ್ಪುತ್ತದೆ. ಐದು ನಿಮಿಷ ಸುಮ್ಮನೆ ಬಿಟ್ಟು, ಹತ್ತು ಪಟ್ಟಿನ ಮಸೂರದಲ್ಲಿ, ಮೇಲಿನ ಗಾಜಿನಲ್ಲಿ ಕೊರೆದ ಗೆರೆಗಳ ಮೇಲೆ ಗಮನ ನಿಲ್ಲಿಸಿ, ಗೆರೆಗಳೊಳಗಿನ ಮೊಟ್ಟೆಗಳನ್ನು ಎಣಿಸಬೇಕು. ಅಂಚಿನ ಗೆರೆಯ ಮೇಲೆ ಕುಳಿತ ಮೊಟ್ಟೆಗಳಲ್ಲಿ ಎರಡು ಬದಿಯವನ್ನು ಮಾತ್ರ ಸೇರಿಸುವ ನಿಯಮ ಇಟ್ಟುಕೊಂಡರೆ ಗೊಂದಲವಿಲ್ಲ.

ಒಂದು ಕೋಣೆಯಲ್ಲಿ ಗೆರೆಗಳೊಳಗೆ ಹಿಡಿಯುವುದು 0.15 ಮಿಲಿಲೀಟರ್. ಎರಡೂ ಕೋಣೆಗಳ ಒಟ್ಟು ಎಣಿಕೆಯನ್ನು 25ರಿಂದ ಗುಣಿಸಿದರೆ ಗ್ರಾಂ ಲದ್ದಿಗೆ ಎಷ್ಟು ಮೊಟ್ಟೆ ಎಂಬುದು ಬರುತ್ತದೆ. ಒಂದೇ ದ್ರವದಿಂದ ಎರಡು ಸ್ಲೈಡು ತುಂಬಿ ನಾಲ್ಕೂ ಕೋಣೆ ಎಣಿಸಿದರೆ ಗುಣಕ 12.5ಕ್ಕೆ ಇಳಿದು ನಿಖರತೆ ಹೆಚ್ಚುತ್ತದೆ. ಆದರೆ ಹಾಗೆ ಮಾಡಿದರೆ ಎರಡೂ ಸಲ ಹಾಗೆಯೇ ಮಾಡಬೇಕು. ಮನುಷ್ಯ, ವಿಧಾನ, ಸ್ಲೈಡು, ಗುಣಕ ಯಾವುದೂ ಎರಡು ಎಣಿಕೆಗಳ ನಡುವೆ ಬದಲಾಗಬಾರದು.

ಸ್ಟ್ರಾಂಗೈಲ್ ಮೊಟ್ಟೆ ಅಂಡಾಕಾರದ್ದು, ತೆಳುವಾದ ನುಣುಪು ಚಿಪ್ಪಿನದು. ಒಳಗೆ ದ್ರಾಕ್ಷಿಗೊಂಚಲಿನಂತೆ ಕೋಶಗಳು ಕಾಣುತ್ತವೆ. ಮರಿಗಳಲ್ಲಿ ಕಾಣುವ ಪ್ಯಾರಾಸ್ಕರಿಸ್ ಎಂಬ ದುಂಡುಹುಳುವಿನ ಮೊಟ್ಟೆ ಗುಂಡಗೆ, ದಪ್ಪ ಚಿಪ್ಪಿನದು, ಸಾಮಾನ್ಯವಾಗಿ ಕಂದುಬಣ್ಣದ್ದು. ಗಾಳಿಗುಳ್ಳೆಗೆ ಕಪ್ಪಾದ ದಪ್ಪ ಅಂಚಿರುತ್ತದೆ, ಒಳಗೆ ಏನೂ ಇರುವುದಿಲ್ಲ. ಹೊಸಬರು ಇದನ್ನೇ ಮೊಟ್ಟೆಯೆಂದು ಎಣಿಸಿಬಿಡುವುದುಂಟು. ದೊಡ್ಡ ಮತ್ತು ಸಣ್ಣ ಸ್ಟ್ರಾಂಗೈಲ್‌ಗಳ ಮೊಟ್ಟೆಗಳನ್ನು ನೋಟದಿಂದ ಬೇರ್ಪಡಿಸಲಾಗದು. ಅದಕ್ಕೆ ಪ್ರಯೋಗಾಲಯದಲ್ಲಿ ಮರಿಹುಳು ಬೆಳೆಸಿ ನೋಡಬೇಕಾಗುತ್ತದೆ. ಸ್ಟ್ರಾಂಗೈಲ್ ಮತ್ತು ಪ್ಯಾರಾಸ್ಕರಿಸ್ ಎಣಿಕೆಗಳನ್ನು ಮಾತ್ರ ಎಂದಿಗೂ ಒಂದಾಗಿ ಕೂಡಿಸಬಾರದು.

ಹದಿನಾಲ್ಕನೆಯ ದಿನ ಮತ್ತು ಲೆಕ್ಕ

ಎರಡನೆಯ ಲದ್ದಿಯನ್ನು ಹದಿನಾಲ್ಕನೆಯ ದಿನ, ಅದೇ ಕುದುರೆಗಳಿಂದ, ಅದೇ ಎಚ್ಚರದಿಂದ ತೆಗೆಯಬೇಕು. ತೀರ ಬೇಗ ತೆಗೆದರೆ ಔಷಧದಿಂದ ತಾತ್ಕಾಲಿಕವಾಗಿ ಮೊಟ್ಟೆಯಿಡುವುದನ್ನು ನಿಲ್ಲಿಸಿದ ಹುಳುವೂ ಸತ್ತಂತೆ ತೋರೀತು. ತಡಮಾಡಿದರೆ ಹೊಸದಾಗಿ ಬಲಿತ ಹುಳುಗಳ ಮೊಟ್ಟೆ ಸೇರೀತು.

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಆರು ಕುದುರೆಗಳಿಗೆ ಫೆನ್‌ಬೆಂಡಜೋಲ್ ಕೊಟ್ಟಿದ್ದೇವೆ. ಔಷಧಕ್ಕೆ ಮೊದಲು ಗ್ರಾಂಗೆ 850, 550, 1200, 400, 1500, 750 ಮೊಟ್ಟೆಗಳಿದ್ದವು, ಒಟ್ಟು 5250. ಹದಿನಾಲ್ಕನೆಯ ದಿನ ಕ್ರಮವಾಗಿ 150, 50, 375, 75, 500, 225, ಒಟ್ಟು 1375. ಮೊದಲಿನ ಒಟ್ಟಿನಿಂದ ನಂತರದ ಒಟ್ಟನ್ನು ಕಳೆದು, ಬಂದ 3875 ಅನ್ನು ಮೊದಲಿನ 5250ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಇಳಿಕೆ ಶೇ. 73.8. ಪ್ರತಿ ಕುದುರೆಯ ಇಳಿಕೆಯನ್ನು ಬೇರೆಬೇರೆ ತೆಗೆದು ಸರಾಸರಿ ಮಾಡಿದರೆ ಇದೇ ಅಂಕಿಗಳಿಂದ ಶೇ. 76.7 ಬರುತ್ತದೆ. ಎರಡೂ ಬಳಕೆಯಲ್ಲಿವೆ, ಯಾವುದನ್ನು ಮಾಡಿದ್ದೇವೆಂದು ಬರೆದಿಟ್ಟು ಪ್ರತಿವರ್ಷ ಅದನ್ನೇ ಅನುಸರಿಸುವುದು ಮುಖ್ಯ. ಕಡಿಮೆ ಎಣಿಕೆಯ ಕುದುರೆಯ ಆಕಸ್ಮಿಕ ಏರಿಳಿತ ಇಡೀ ಗುಂಪಿನ ಫಲಿತಾಂಶವನ್ನು ಎಳೆದಾಡದಿರಲೆಂದು ನಾನು ಒಟ್ಟು ಮೊತ್ತದ ಲೆಕ್ಕವನ್ನೇ ಮೆಚ್ಚುತ್ತೇನೆ.

ಇದನ್ನು ಎದುರಿಟ್ಟು ನೋಡಬೇಕಾದ ಮಟ್ಟಗಳನ್ನು ಅಮೆರಿಕದ ಕುದುರೆ ವೈದ್ಯರ ಸಂಘದ ಮಾರ್ಗಸೂಚಿಯಿಂದ ತೆಗೆದುಕೊಳ್ಳಬಹುದು. ಫೆನ್‌ಬೆಂಡಜೋಲ್ ಮತ್ತು ಅದರ ವರ್ಗದವುಗಳಿಗೆ ಶೇ. 95ಕ್ಕಿಂತ ಹೆಚ್ಚು ಇಳಿದರೆ ಔಷಧ ಫಲಿಸಿದೆ, 90ರಿಂದ 95ರ ನಡುವೆ ಸಂಶಯ, 90ಕ್ಕಿಂತ ಕೆಳಗೆ ಪ್ರತಿರೋಧ. ಪೈರಾಂಟೆಲ್‌ಗೆ ಈ ಗಡಿಗಳು 90 ಮತ್ತು 85. ಐವರ್ಮೆಕ್ಟಿನ್ ಮತ್ತು ಮಾಕ್ಸಿಡೆಕ್ಟಿನ್‌ಗೆ ಗಡಿ ಬಿಗಿ: ಶೇ. 98ಕ್ಕಿಂತ ಮೇಲೆ ಇದ್ದರೆ ಸರಿ, 95ಕ್ಕಿಂತ ಕೆಳಗೆ ಪ್ರತಿರೋಧ. ಐವರ್ಮೆಕ್ಟಿನ್ ಶೇ. 96 ಇಳಿಸಿತೆಂದು ಯಾರಾದರೂ ಹರ್ಷಪಟ್ಟರೆ ಅದು ತಪ್ಪು. ಬಗ್ಗುವ ಹುಳುಗಳ ಮೇಲೆ ಈ ಔಷಧ ಶೇ. 99.9 ಇಳಿಸಬೇಕು.

ಅಂಕಿಗಳ ಹಿಂದೆ ನಿಜವಾಗಿ ಎಷ್ಟು ಮೊಟ್ಟೆ ಕಣ್ಣಿಗೆ ಬಿದ್ದಿದ್ದವು ಎಂಬುದನ್ನು ಮರೆಯಬಾರದು. ಔಷಧಕ್ಕೆ ಮೊದಲು ಸ್ಲೈಡಿನಲ್ಲಿ ನಾಲ್ಕೇ ಮೊಟ್ಟೆ ಕಂಡು, ನಂತರ ಒಂದು ಕಂಡರೆ ಇಳಿಕೆ ಶೇ. 75 ಎಂದು ಕಾಗದ ಹೇಳುತ್ತದೆ. ಆದರೆ ಅಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿಯೂ ಬರಬಹುದು. ಜಂತುವಿಜ್ಞಾನಿಗಳ ಜಾಗತಿಕ ಸಂಘ 2023ರಲ್ಲಿ ಪ್ರಕಟಿಸಿದ ಪರಿಷ್ಕೃತ ಮಾರ್ಗಸೂಚಿ ಗ್ರಾಂಗೆ ಇಷ್ಟು ಎಂಬ ಗುಣಿಸಿದ ಅಂಕಿಯನ್ನು ಬಿಟ್ಟು, ಸೂಕ್ಷ್ಮದರ್ಶಕದಡಿ ವಾಸ್ತವವಾಗಿ ಎಣಿಸಿದ ಮೊಟ್ಟೆಗಳ ಒಟ್ಟು ಸಂಖ್ಯೆಗೆ ಕನಿಷ್ಠ ಮಿತಿ ಹಾಕಿರುವುದು ಇದೇ ಕಾರಣಕ್ಕೆ. ಔಷಧಕ್ಕೆ ಮೊದಲು ಇಡೀ ಗುಂಪಿನಲ್ಲಿ ಇನ್ನೂರು ಮೊಟ್ಟೆಗಳಾದರೂ ಕಣ್ಣಾರೆ ಎಣಿಸಿರಬೇಕೆಂಬುದನ್ನು ನಿಯಮವಾಗಿ ಇಟ್ಟುಕೊಳ್ಳಿ. ಮೇಲಿನ ಉದಾಹರಣೆಯಲ್ಲಿ 5250 ಎಂದರೆ ಸ್ಲೈಡಿನಲ್ಲಿ ಕಂಡದ್ದು 210. ಸಾಲದಿದ್ದರೆ ಕುದುರೆ ಹೆಚ್ಚಿಸಿ, ಇಲ್ಲವೇ ಸ್ಲೈಡು ಹೆಚ್ಚಿಸಿ.

ಐದು ಕುದುರೆಗಳಲ್ಲಿ ಸೊನ್ನೆ ಬಂದು ಒಂದರಲ್ಲಿ ಮಾತ್ರ ಎಣಿಕೆ ಇಳಿಯದಿದ್ದರೆ ಮೊದಲು ಆ ಕುದುರೆಯ ತೂಕವನ್ನೂ ಉಗುಳಿದ ಸಾಧ್ಯತೆಯನ್ನೂ ಸಂಶಯಿಸಿ, ಸರಿಯಾಗಿ ಮತ್ತೆ ಕೊಟ್ಟು ಮತ್ತೆ ಎಣಿಸಿ. ಆರರಲ್ಲೂ ಉಳಿದಿದ್ದರೆ ಅದು ಹುಳುಗಳ ಮಾತು. ಆಗ ಅದೇ ವರ್ಗದ ಇನ್ನೊಂದು ಹೆಸರಿನ ಔಷಧಕ್ಕೆ ಹೋಗುವುದರಿಂದ ಪ್ರಯೋಜನವಿಲ್ಲ, ಪ್ರಮಾಣ ಹೆಚ್ಚಿಸುವುದರಿಂದಲೂ ಇಲ್ಲ. ಬೇರೆ ವರ್ಗದ ಔಷಧ ಕೊಟ್ಟು ಅದನ್ನೂ ಇದೇ ರೀತಿ ಪರೀಕ್ಷಿಸಬೇಕು. ಒಮ್ಮೆ ನೆಲೆಯಾದ ಪ್ರತಿರೋಧ ವರ್ಷಗಳ ಕಾಲ ಔಷಧ ನಿಲ್ಲಿಸಿದರೂ ಮರಳಿ ಹೋಗುವುದಿಲ್ಲ. ಅದಕ್ಕಾಗಿಯೇ ಹೆಚ್ಚು ಮೊಟ್ಟೆ ಹಾಕುವ ಕುದುರೆಗಳಿಗೆ ಮಾತ್ರ ಔಷಧ ಕೊಟ್ಟು, ವಾರಕ್ಕೆರಡು ಸಲ ಮೇಯುವ ಜಾಗದ ಲದ್ದಿ ಎತ್ತಿಸುವುದು ಇಂದಿನ ಸರಿಯಾದ ಕ್ರಮ.

ಹದಿನಾಲ್ಕು ದಿನಗಳ ನಂತರ

ಐವರ್ಮೆಕ್ಟಿನ್ ಹದಿನಾಲ್ಕನೆಯ ದಿನ ಪೂರ್ಣ ಅಂಕ ಪಡೆದು, ಆದರೂ ಒಳಗೊಳಗೇ ಬಲ ಕಳೆದುಕೊಳ್ಳುತ್ತಿರಬಹುದು. ಅದರ ಮೊದಲ ಸುಳಿವು ಮೊಟ್ಟೆ ಮರಳಿ ಕಾಣುವ ಅವಧಿ ಕುಗ್ಗುವುದು. ಬಳಕೆಗೆ ಬಂದ ಹೊಸತರಲ್ಲಿ ಐವರ್ಮೆಕ್ಟಿನ್ ಕೊಟ್ಟ ಮೇಲೆ 9ರಿಂದ 13 ವಾರ, ಮಾಕ್ಸಿಡೆಕ್ಟಿನ್ ಕೊಟ್ಟ ಮೇಲೆ 16ರಿಂದ 22 ವಾರ ಮೊಟ್ಟೆಗಳು ಗಣನೀಯವಾಗಿ ಮರಳುತ್ತಿರಲಿಲ್ಲ; ಈಗ ಹಲವು ದೇಶಗಳಲ್ಲಿ ನಾಲ್ಕೈದು ವಾರಗಳಲ್ಲೇ ಮರಳುತ್ತಿವೆ. ಅದೇ ಕುದುರೆಗಳ ಲದ್ದಿಯನ್ನು ನಾಲ್ಕನೆಯ ವಾರದಿಂದ ಎರಡು ವಾರಕ್ಕೊಮ್ಮೆ ಎಣಿಸುತ್ತಾ ಹೋಗಿ, ಗುಂಪಿನ ಎಣಿಕೆ ಔಷಧಕ್ಕೆ ಮೊದಲಿದ್ದುದರ ಹತ್ತನೆಯ ಒಂದು ಭಾಗವನ್ನು ದಾಟಿದ ವಾರವನ್ನು ಗುರುತಿಸಿಡಿ. ವರ್ಷದಿಂದ ವರ್ಷಕ್ಕೆ ಆ ವಾರ ಹತ್ತಿರ ಬರುತ್ತಿದ್ದರೆ ಪಶುವೈದ್ಯರೊಡನೆ ಕೂಡಲೇ ಮಾತನಾಡಬೇಕು.

ಈ ಪರೀಕ್ಷೆ ಮುಟ್ಟದ ಜಾಗಗಳೂ ಇವೆ. ಕರುಳಿನ ಗೋಡೆಯಲ್ಲಿ ಗೂಡು ಕಟ್ಟಿ ಮಲಗಿರುವ ಸಣ್ಣ ಸ್ಟ್ರಾಂಗೈಲ್ ಮರಿಹುಳುಗಳು ಮೊಟ್ಟೆಯಿಡುವುದಿಲ್ಲ. ಎಣಿಕೆ ಸೊನ್ನೆಯಿದ್ದ ಕುದುರೆಯೂ ಅವು ಒಮ್ಮೆಲೇ ಹೊರಬಂದಾಗ ತೀವ್ರ ಭೇದಿಗೆ ಬಲಿಯಾಗಬಹುದು. ಲಾಡಿಹುಳುವಿನ ಮೊಟ್ಟೆ ಲದ್ದಿಯಲ್ಲಿ ಸಿಗುವುದೇ ಅಪರೂಪ, ಬಾಲದ ಬುಡ ತುರಿಸುವ ಪಿನ್‌ವರ್ಮ್ ಗುದದ ಸುತ್ತಿನ ಚರ್ಮದ ಮೇಲೆ ಮೊಟ್ಟೆಯಿಡುತ್ತದೆ. ಇವೆರಡಕ್ಕೂ ಈ ಲೆಕ್ಕ ಹೊಂದುವುದಿಲ್ಲ. ಮರಿಗಳಲ್ಲಿ ಪ್ಯಾರಾಸ್ಕರಿಸ್‌ಗೆ ಮಾತ್ರ ಇದೇ ಪರೀಕ್ಷೆ ಸಲ್ಲುತ್ತದೆ, ಮತ್ತು ಮಾಡಲೇಬೇಕು, ಏಕೆಂದರೆ ಐವರ್ಮೆಕ್ಟಿನ್‌ಗೆ ಬಗ್ಗದ ಪ್ಯಾರಾಸ್ಕರಿಸ್ 2002ರಲ್ಲಿ ನೆದರ್ಲೆಂಡ್ಸಿನಿಂದ ವರದಿಯಾದಂದಿನಿಂದ ಅನೇಕ ದೇಶಗಳಲ್ಲಿ ಹರಡಿದೆ. ಹೊಟ್ಟೆ ಉಬ್ಬಿದ, ಹುಳುಹೊರೆ ಭಾರಿಯಾದ ಮರಿಗೆ ಪರೀಕ್ಷೆಗೆಂದು ಔಷಧ ಕೊಡುವುದು ಬೇಡ. ಒಮ್ಮೆಲೇ ಸತ್ತ ಹುಳುಗಳು ಕರುಳನ್ನು ಕಟ್ಟಿ ಮರಿ ಸಾಯಬಹುದು. ಅಂಥ ಮರಿಯ ಚಿಕಿತ್ಸೆ ವೈದ್ಯರ ಕೈಯಲ್ಲಿರಲಿ.

ಹೊರಗಿನಿಂದ ಕುದುರೆ ಕೊಂಡು ತಂದಾಗ, ಅದು ಬೇರೆ ರಾಜ್ಯದಿಂದ ಬಂದಿರಲಿ, ವಿದೇಶದಿಂದ ಬಂದಿರಲಿ, ಅದರೊಂದಿಗೆ ಅಲ್ಲಿನ ಹುಳುಗಳೂ ಬರುತ್ತವೆ. ಇಳಿದ ದಿನವೇ ಲದ್ದಿ ತೆಗೆದು ಎಣಿಸಿ, ತೂಕ ನೋಡಿ ಔಷಧ ಕೊಟ್ಟು, ಹದಿನಾಲ್ಕನೆಯ ದಿನದ ಎಣಿಕೆ ಕೈಗೆ ಬರುವವರೆಗೆ ಅದನ್ನು ಬೇರೆ ಕೊಟ್ಟಿಗೆಯಲ್ಲಿ ಕಟ್ಟಿ, ಅದರ ಲದ್ದಿ ನಮ್ಮ ಕುದುರೆಗಳು ಮೇಯುವ ಹುಲ್ಲಿಗೆ ಬೀಳದಂತೆ ನೋಡಿಕೊಳ್ಳಬೇಕು.